ಸಾಲವೂ ನೆರಳುಮರವೂ



ಕಾಫಿನಾಡಿನ ಹಲವು ಮನೆಗಳ ಸಾಲವು ಬೆಲೆ ಏರಿದ ವರ್ಷಗಳಲ್ಲಿಯೇ ಹುಟ್ಟಿದ್ದು. 1994ರಲ್ಲಿ ಬ್ರೆಜಿಲ್ಲಿನ ತೋಟಗಳಿಗೆ ಹಿಮ ಬಡಿದಾಗ ಇಲ್ಲಿ ಬೆಲೆಯು ಗಗನಕ್ಕೇರಿತು. ಅದೇ ಶಾಶ್ವತವೆಂದು ನಂಬಿ ಮೂಡಿಗೆರೆ, ಕಳಸದ ಕಡೆ ಸಾಲದಿಂದ ಮನೆ ಕಟ್ಟಿಸಿದವರುಂಟು, ವಾಹನ ಕೊಂಡವರುಂಟು. 2001ರ ಹೊತ್ತಿಗೆ ಬೆಲೆ ನೆಲಕಚ್ಚಿತು, ಬಡ್ಡಿ ಇಳಿಯಲಿಲ್ಲ. ಬಡ್ಡಿ ಕಟ್ಟಲು ನೆರಳುಮರ ಮಾರಿದರೆ, ಬಿಸಿಲಿಗೊಡ್ಡಿದ ಅರೇಬಿಕಾ ಗಿಡಕ್ಕೆ ಬಿಳಿ ಕಾಂಡಕೊರಕ ಬೀಳುತ್ತದೆ. ಫಸಲು ಕುಗ್ಗಿ ಸಾಲ ಬೆಳೆಯುತ್ತದೆ. ಕೇಂದ್ರ ಸರ್ಕಾರವು 2010ರಲ್ಲಿ ಕಾಫಿ ಸಾಲ ಪರಿಹಾರ ಘೋಷಿಸಿತು. ಕಡಿದ ಮರಗಳು ಮರಳಲಿಲ್ಲ.

2025ರಲ್ಲಿ ಬೆಲೆಯು ಮತ್ತೆ ದಾಖಲೆ ಮುಟ್ಟಿತು. ಇಂಥ ವರ್ಷದ ಹಣದಿಂದ ಮೊದಲು ಹೆಚ್ಚು ಬಡ್ಡಿಯ ಕೈಸಾಲ ತೀರಲಿ, ಬಳಿಕ ಬ್ಯಾಂಕಿನದು. ಒಂದು ವರ್ಷದ ಮನೆಖರ್ಚು ಬದಿಗಿರಲಿ. ಮದುವೆ, ಗೃಹಪ್ರವೇಶಗಳು ಕೈಯಲ್ಲಿರುವ ಹಣದಲ್ಲಿಯೇ ನಡೆಯಲಿ. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮನೆಗೆ ತೋಟದ ಮರ ಮಾರುವ ಗತಿ ಬಾರದು.