ಅವಳ ಉಡುಪು, ಅವಳ ಧ್ವನಿ, ಅವಳ ಕೆಲಸ

(ತಿಪಟೂರಿನಲ್ಲಿ ನಡೆದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಿಂದ ಬಂದಿರುವ ನಿಮ್ಮಲ್ಲಿ ಹಲವರಿಗೆ ಕೊಬ್ಬರಿಯ ವ್ಯವಹಾರ ಗೊತ್ತು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಳೆದ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಉಂಡೆ ಬಿಟ್ಟಿದೆಯೇ ಇಲ್ಲವೇ ಎಂದು ಸದ್ದಿನಿಂದಲೇ ಹೇಳಬಲ್ಲಿರಿ. ಆದರೂ ಸುಲಿದು, ಚಿಪ್ಪು ಒಡೆದು, ಉಂಡೆಯನ್ನು ಕೈಯಲ್ಲಿ ಹಿಡಿದು ನೋಡುವವರೆಗೆ ಬೆಲೆ ಕಟ್ಟುವುದಿಲ್ಲ. ಕಾಯಿಗೆ ತೋರುವ ಈ ತಾಳ್ಮೆಯನ್ನು, ವಿಜ್ಞಾನ ಮತ್ತು ತಂತ್ರಜ್ಞಾನದ ಸಂಸ್ಥೆಗಳಲ್ಲಿ ಮೇಲಿನ ಹುದ್ದೆಗೇರಿದ ಮಹಿಳೆಯರ ವಿಷಯದಲ್ಲಿ ನಮ್ಮ ಸಮಾಜ ತೋರುತ್ತಿದೆಯೇ?

2014ರ ಸೆಪ್ಟೆಂಬರ್ 24ರಂದು ಮಂಗಳಯಾನವು ಮಂಗಳನ ಕಕ್ಷೆ ಸೇರಿತು. ಬಣ್ಣದ ಸೀರೆಯುಟ್ಟು ಹೂ ಮುಡಿದ ಮಹಿಳೆಯರು ಬೆಂಗಳೂರಿನ ಇಸ್ರೋದಲ್ಲಿ ಸಂಭ್ರಮಿಸುತ್ತಿದ್ದ ಚಿತ್ರವೊಂದು ಜಗತ್ತನ್ನೆಲ್ಲ ಸುತ್ತಿತು. ಇವರೇ ಆ ವಿಜ್ಞಾನಿಗಳು ಎಂದು ಜನ ಕೊಂಡಾಡಿದರು. ಚಿತ್ರದಲ್ಲಿದ್ದವರು ಆಡಳಿತ ವಿಭಾಗದ ಸಿಬ್ಬಂದಿ ಎಂದು ಇಸ್ರೋ ಬಳಿಕ ಸ್ಪಷ್ಟಪಡಿಸಿತು. ಆ ಯೋಜನೆಯಲ್ಲಿ ಉಪ ಕಾರ್ಯಾಚರಣೆ ನಿರ್ದೇಶಕಿಯರಾಗಿ ದುಡಿದ ರಿತು ಕರಿಧಾಲ್, ನಂದಿನಿ ಹರಿನಾಥ್ ಅವರ ಹೆಸರುಗಳು ಆ ಚಿತ್ರದಷ್ಟು ದೂರ ಹೋಗಲಿಲ್ಲ. 2019ರ ಚಂದ್ರಯಾನ-2ರಲ್ಲಿ ಎಂ. ವನಿತಾ ಯೋಜನಾ ನಿರ್ದೇಶಕಿಯಾಗಿದ್ದರು, ರಿತು ಅವರು ಮಿಷನ್ ನಿರ್ದೇಶಕಿಯಾಗಿದ್ದರು. ಇದನ್ನು ನಮ್ಮ ಮನೆಗಳಲ್ಲಿ ಎಷ್ಟು ಮಂದಿ ಬಲ್ಲರು? ಸೀರೆಯುಟ್ಟವರು ರಾಕೆಟ್ ವಿಜ್ಞಾನಿಗಳಾಗಲಾರರು ಎಂಬ ಪೂರ್ವಗ್ರಹ ಮುರಿಯಿತೆಂದು ಹಿಗ್ಗಿದವರೂ ನೋಡಿದ್ದು ಸೀರೆಯನ್ನೇ. ಹೊಗಳಿಕೆಯೂ ತೆಗಳಿಕೆಯೂ ಒಂದೇ ಕಣ್ಣಿನಿಂದ ಬಂದವು.

ಕಿರಣ್ ಮಜುಂದಾರ್ ಶಾ ಅವರನ್ನು ತೆಗೆದುಕೊಳ್ಳಿ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ತಾಂತ್ರಿಕ ಶಿಕ್ಷಣ ಪಡೆದು ಬಂದ ಅವರಿಗೆ, ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಆ ಕೆಲಸ ದೊರೆಯಲಿಲ್ಲ. (ಆ ಪಾನೀಯದ ಬಗ್ಗೆ ನಮ್ಮ ನಿಲುವು ನಿಮಗೆ ತಿಳಿದೇ ಇದೆ, ಇಲ್ಲಿನ ಪ್ರಶ್ನೆ ಬೇರೆ.) 1978ರಲ್ಲಿ, 25ರ ಹರೆಯದಲ್ಲಿ, 10,000 ರೂಪಾಯಿ ಬಂಡವಾಳದೊಂದಿಗೆ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಅವರು ಬಯೋಕಾನ್ ಆರಂಭಿಸಿ ಪಪ್ಪಾಯಿಯಿಂದ ಕಿಣ್ವ ತೆಗೆಯತೊಡಗಿದಾಗ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. 2004ರಲ್ಲಿ ಅದೇ ಕಂಪನಿ ಷೇರು ಮಾರುಕಟ್ಟೆಗೆ ಬಂದಾಗ ಮೊದಲ ದಿನವೇ ಅದರ ಮೌಲ್ಯ ನೂರು ಕೋಟಿ ಡಾಲರ್ ದಾಟಿತು.

ಹಾಗಾದರೆ ಲೋಕ ಬಯಸುವ ವೇಷವನ್ನೇ ತೊಟ್ಟರೆ? ಅಮೆರಿಕದ ಎಲಿಜಬೆತ್ ಹೋಮ್ಸ್ ಅದನ್ನೂ ಮಾಡಿದರು. ಸ್ಟೀವ್ ಜಾಬ್ಸ್‌ರಂತೆ ಕಪ್ಪು ಅಂಗಿ, ಗಂಡಸಿನಂತೆ ಆಳದ ಧ್ವನಿ. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ಹತ್ತಾರು ಪರೀಕ್ಷೆ ಮಾಡುವ ಯಂತ್ರ ತಮ್ಮಲ್ಲಿದೆ ಎಂದರು. ಮಾಜಿ ವಿದೇಶಾಂಗ ಸಚಿವರಾದ ಕಿಸಿಂಜರ್, ಷುಲ್ಟ್ಸ್ ಅವರಂಥವರೇ ಆಡಳಿತ ಮಂಡಳಿಯಲ್ಲಿ ಕುಳಿತರು. ಯಂತ್ರ ಹೇಳಿದಂತೆ ಕೆಲಸ ಮಾಡುತ್ತಿರಲಿಲ್ಲ. 2022ರಲ್ಲಿ ವಂಚನೆ ಸಾಬೀತಾಗಿ 11 ವರ್ಷಕ್ಕೂ ಮಿಕ್ಕಿದ ಶಿಕ್ಷೆಯಾಯಿತು. ಉಡುಪು, ಧ್ವನಿ ನೋಡಿ ಅನುಮಾನಿಸುವ ಅದೇ ಜನ ಉಡುಪು, ಧ್ವನಿ ನೋಡಿ ನಂಬಿಯೂ ಬಿಟ್ಟರು.

2014ರಲ್ಲಿ ಕೀರನ್ ಸ್ನೈಡರ್ ಎಂಬ ಭಾಷಾವಿಜ್ಞಾನಿ 28 ಕಂಪನಿಗಳ ನೌಕರರ 248 ವಾರ್ಷಿಕ ಮೌಲ್ಯಮಾಪನ ವರದಿಗಳನ್ನು ಓದಿದರು. ‘ಒರಟು ಸ್ವಭಾವ’ ಎಂಬರ್ಥದ ಇಂಗ್ಲಿಷ್ ಪದವೊಂದು ಮಹಿಳೆಯರ ವರದಿಗಳಲ್ಲಿ 17 ಬಾರಿ ಇತ್ತು. ಪುರುಷರ ವರದಿಗಳಲ್ಲಿ ಒಮ್ಮೆಯೂ ಇರಲಿಲ್ಲ.

ಇದು ದೂರದ ದೇಶದ ಮಾತು ಎನ್ನಬೇಡಿ. ನನ್ನ ಆಪಾಳ ಮಗಳು ಇದೇ ಸೀಮೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದನ್ನು ಸೇರಿದಳು. ಸೇರಿದ ವರ್ಷ ಅವಳ ವರದಿಯಲ್ಲಿ ಬರೆದದ್ದು: ಸಭೆಗಳಲ್ಲಿ ಮಾತನಾಡುವುದಿಲ್ಲ, ನಾಯಕತ್ವದ ಗುಣ ಕಾಣುವುದಿಲ್ಲ. ಅವಳು ಮಾತನಾಡಲು ಕಲಿತಳು. ಇಂದು ಹನ್ನೆರಡು ಜನರ ತಂಡಕ್ಕೆ ಮುಖ್ಯಸ್ಥೆ. ಕಳೆದ ವರದಿಯಲ್ಲಿ ಬರೆದದ್ದು: ಧ್ವನಿ ಗಡುಸು, ಸ್ವಲ್ಪ ಮೃದುವಾಗಬೇಕು. ತಲೆಗೆ ಸ್ಕಾರ್ಫ್ ಕಟ್ಟುತ್ತಾಳೆ. ವಿದೇಶಿ ಗ್ರಾಹಕರೊಡನೆ ವಿಡಿಯೋ ಸಭೆ ಇದ್ದಾಗ ಮೇಲಧಿಕಾರಿಯೊಬ್ಬರು, ನಿಮ್ಮ ಕ್ಯಾಮೆರಾ ಆಫ್ ಇದ್ದರೂ ಪರವಾಗಿಲ್ಲ ಎಂದು ಬಹಳ ಸೌಜನ್ಯದಿಂದ ಹೇಳಿದರಂತೆ. ಗ್ರಾಹಕರು ಏನನ್ನೂ ಕೇಳಿರಲಿಲ್ಲ. ಅವಳು ಕ್ಯಾಮೆರಾ ಆಫ್ ಮಾಡಲಿಲ್ಲ.

ಇಷ್ಟು ಕೇಳಿ ನಿಮಗೆ ಕಂಪನಿಗಳ ಮೇಲೆ ಸಿಟ್ಟು ಬಂದಿರಬಹುದು. ನ್ಯಾಯವೇ. ಆದರೆ ಅವಳು ರಜೆಗೆ ಊರಿಗೆ ಬಂದಾಗ ನಾವು ಹೇಳಿದ್ದೇನು? ಕಂಪನಿ ಸೇರಿದ ಮೇಲೆ ಮಾತು ಬಂದಿದೆ, ಎಂದೆವು. ಸಂಬಂಧ ನೋಡಲು ಬಂದವರು ಸಂಬಳವೆಷ್ಟು, ಮದುವೆಯಾದ ಮೇಲೆ ಕೆಲಸ ಬಿಡುತ್ತೀಯಾ ಎಂದು ಕೇಳಿದರು. ಅವಳು ತಲೆ ಎತ್ತಿ, ಎರಡಕ್ಕೂ ನೇರವಾಗಿ ಉತ್ತರಿಸಿದಳು. ಮೂರು ದಿನಗಳ ನಂತರ ಫೋನ್ ಬಂತು: ಹುಡುಗಿ ಒಳ್ಳೆಯವಳು, ಆದರೆ ಧ್ವನಿ ದೊಡ್ಡದು. ಕಂಪನಿಯ ವರದಿಗೂ ಈ ಫೋನಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ನಾನೂ ತಪ್ಪಿತಸ್ಥ. ಅಂದು ಅದೇ ಕೋಣೆಯಲ್ಲಿ ಕುಳಿತು, ಅವಳಿಗೆ ಕಣ್ಸನ್ನೆಯಲ್ಲಿ ‘ಸಾಕು’ ಎಂದವನು ನಾನೇ.

ಮದ್ರಸದಲ್ಲಿ ಓದುವಾಗ ಕುರ್‌ಆನಿನ 58ನೇ ಅಧ್ಯಾಯದ ಹೆಸರಿನ ಅರ್ಥವನ್ನು ನಾನು ಬಾಯಿಪಾಠ ಮಾಡಿದ್ದೆ: ವಾದಿಸಿದವಳು. ತನ್ನ ಸಂಸಾರದ ಅನ್ಯಾಯವನ್ನು ಪ್ರವಾದಿಯವರ(ಸ) ಮುಂದೆ ಬಿಡದೆ ವಾದಿಸಿದ ಒಬ್ಬ ಮಹಿಳೆಯಿಂದ ಆ ಹೆಸರು ಬಂತು. ಅವಳ ಧ್ವನಿ ದೊಡ್ಡದೋ ಸಣ್ಣದೋ ಎಂದು ಆ ಅಧ್ಯಾಯ ಹೇಳುವುದಿಲ್ಲ. ಅವಳ ದೂರು ಮಾತ್ರ ದಾಖಲಾಗಿದೆ.

ಮುಂದಿನ ಭಾನುವಾರ ಆಪಾಳ ಮನೆಗೆ ಇನ್ನೊಂದು ಕುಟುಂಬ ಬರಲಿದೆ. ಮಾಮೂ ಎಂದು ನನ್ನನ್ನೂ ಕರೆದಿದ್ದಾರೆ. ಹುಡುಗಿಗೆ ಕೇಳಿದ ಪ್ರಶ್ನೆಗೆ ನಾವ್ಯಾರೂ ಉತ್ತರ ಕೊಡುವುದು ಬೇಡ ಎಂದು ಆಪಾಳಿಗೆ ಈಗಲೇ ಹೇಳಿಟ್ಟಿದ್ದೇನೆ.