ಬನ್ನಿ ಮರದ ಗಂಟು



ನನ್ನ ಮನೆ ಇರುವುದು ಶಿವಮೊಗ್ಗೆಯ ದುರ್ಗಿಗುಡಿಯಲ್ಲಿ. ಕೈತುಂಬ ಆಯುಧ ಹಿಡಿದ ದೇವಿಯ ಹೆಸರು ನಮ್ಮ ಬಡಾವಣೆಗೆ ಅಂಟಿಕೊಂಡಿದೆಯಾದರೂ, ಅಲ್ಲಿ ವಾಸಿಸುವ ನನ್ನಂಥ ನಿವೃತ್ತ ಕನ್ನಡ ಮೇಷ್ಟರ ಕೈಗೆ ಕೊಡೆಗಿಂತ ಹೆಚ್ಚಿನ ಆಯುಧ ಎಂದೂ ಬಂದದ್ದಿಲ್ಲ. ಹೀಗಿದ್ದ ನನ್ನ ಮನೆಗೆ ಕಳೆದ ವರ್ಷ ಒಂದು ಕೋವಿ ಬಂತು. ಅದನ್ನು ಇನ್ನೊಂದು ಊರಿಗೆ ಕಳುಹಿಸಬೇಕಾಗಿ ಬಂದಾಗ ನಾನು ಪಟ್ಟ ಪಾಡು, ಆ ಪಾಡಿನಲ್ಲಿ ನಾನು ತಡವಾಗಿ ಕಲಿತ ಒಂದು ಪಾಠ, ಇವೇ ಈ ಹೊತ್ತಿನ ನನ್ನ ಮಾತಿನ ವಿಷಯ.

ನಮ್ಮ ಮೂಲ ಮನೆ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿತ್ತು. ಮಲೆನಾಡಿನ ಹಳೆಯ ಮನೆಗಳಲ್ಲಿ ದೇವರ ಕೋಣೆ ಹೇಗೋ ಹಾಗೆ ಕೋವಿಯ ಗೂಟವೂ ಒಂದು ಇದ್ದೇ ಇರುತ್ತಿತ್ತು. ನಮ್ಮದು ಕೇಪಿನ ಕೋವಿ, ಒಂಟಿ ನಳಿಗೆಯದು. ತೋಟಾ ಕೋವಿಯನ್ನಷ್ಟೇ ಕಂಡವರಿಗೆ ಇದರ ಸಂಸಾರ ತಿಳಿಯದು. ನಳಿಗೆಯ ಬಾಯಿಂದ ಮಸಿಯನ್ನು ಸುರಿದು, ಮೇಲೆ ತೆಂಗಿನ ನಾರನ್ನು ತುರುಕಿ, ಗಜದಿಂದ ಜಡಿದು, ಆಮೇಲೆ ಚರೆ ಹಾಕಿ, ಮತ್ತೆ ನಾರು ತುರುಕಿ ಮತ್ತೆ ಜಡಿಯಬೇಕು. ಈಡು ಎಷ್ಟು ಬಿಗಿಯಾಗಿದೆಯೆಂಬುದನ್ನು ಬೆರಳಿನ ಲೆಕ್ಕದಲ್ಲಿ ಹೇಳುತ್ತಿದ್ದರು: ಮೂರು ಬೆರಳು, ನಾಲ್ಕು ಬೆರಳು. ಒಮ್ಮೆ ತುಂಬಿದ ಈಡನ್ನು ಹಾರಿಸಿ ಖಾಲಿ ಮಾಡುವುದು ಸುಲಭ. ಹಾರಿಸದೆ ಹೊರತೆಗೆಯುವುದು ತಾಳ್ಮೆಯ ಕೆಲಸ, ಅಪಾಯದ ಕೆಲಸ. ಆದಕಾರಣ ಎಷ್ಟೋ ಮನೆಗಳಲ್ಲಿ ತುಂಬಿದ ಕೋವಿ ತುಂಬಿದಂತೆಯೇ ಗೂಟದಲ್ಲಿ ತೂಗುತ್ತಿತ್ತು.

ನಮ್ಮ ತಂದೆಯ ಕಾಲದಲ್ಲಿ ಅದು ಬೇಟೆಯ ಸಂಗಾತಿ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಯ ಕಥೆ ಮುಗಿಯಿತು. ಅಣ್ಣನ ಕಾಲಕ್ಕೆ ಕೋವಿಗೆ ಉಳಿದದ್ದು ಕಾವಲಿನ ಕೆಲಸ. ಗದ್ದೆಗೆ ನುಗ್ಗುವ ಹಂದಿಯನ್ನೋ ತೋಟಕ್ಕೆ ಬೀಳುವ ಮಂಗಗಳನ್ನೋ ಬೆದರಿಸಲು ಆಕಾಶಕ್ಕೆ ಒಂದು ಈಡು, ಅಷ್ಟೆ. 1959ರ ಆಯುಧ ಕಾಯಿದೆಯೂ ಇದನ್ನು ಬಲ್ಲದು. ಅದರ 13ನೆಯ ಕಲಮಿನಲ್ಲಿ ಬಾಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿ, ನಿಜವಾಗಿಯೂ ಬೆಳೆಯ ರಕ್ಷಣೆಗಾಗಿ ಕೇಳುವವನಿಗೆ ಅದರ ಪರವಾನಗಿ ಕೊಡುವ ಮಾತಿದೆ. ಆದರೂ ಚುನಾವಣೆ ಘೋಷಣೆಯಾಯಿತೆಂದರೆ ಮಲೆನಾಡಿನ ರೈತ ಕೋವಿಯನ್ನು ಹೆಗಲಿಗೇರಿಸಿ ಠಾಣೆಗೆ ಒಪ್ಪಿಸಲು ಹೊರಡಬೇಕಾಗುತ್ತಿತ್ತು. “ಹಂದಿಗೆ ಮತದಾನವಿಲ್ಲ, ಅದಕ್ಕೆ ನೀತಿಸಂಹಿತೆಯೂ ಇಲ್ಲ” ಎಂದು ಅಣ್ಣ ಪ್ರತಿ ಸಲವೂ ಗೊಣಗುತ್ತಿದ್ದ; ಗೊಣಗುತ್ತಲೇ ಒಪ್ಪಿಸಿ ರಸೀತಿ ಪಡೆದು ಬರುತ್ತಿದ್ದ.

ಆ ಅಣ್ಣ ತೀರಿಕೊಂಡ. ಅವನ ಮಗ ಕೊಪ್ಪದ ಕಡೆ ತೋಟ ಮಾಡಿಕೊಂಡು ನೆಲೆಸಿದ್ದಾನೆ. ಹಳೆಯ ಮನೆಯನ್ನು ತೆರವು ಮಾಡಿದಾಗ ಪೆಟ್ಟಿಗೆ, ಪುಸ್ತಕ, ತಾಮ್ರದ ಹಂಡೆಗಳೊಂದಿಗೆ ಕಂಬಳಿಯಲ್ಲಿ ಸುತ್ತಿದ ಉದ್ದನೆಯದೊಂದು ಗಂಟೂ ಲಾರಿಯಲ್ಲಿ ನನ್ನ ಮನೆಗೆ ಬಂದಿಳಿಯಿತು. ಬಿಚ್ಚಿದರೆ ಕೋವಿ. ನನ್ನ ಮೊಮ್ಮಗ ಅದರ ನಳಿಗೆಗೆ ಕಣ್ಣಿಟ್ಟು, ದುರ್ಬೀನಿನಲ್ಲಿ ನೋಡುವಂತೆ ನೋಡಿ ನಕ್ಕ. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ.

ಅಣ್ಣನ ಮಗನಿಗೆ ಫೋನು ಮಾಡಿದೆ. “ಅಷ್ಟಕ್ಕೆಲ್ಲ ಯಾಕೆ ಯೋಚನೆ ಚಿಕ್ಕಪ್ಪ? ಗೋಣಿಯಲ್ಲಿ ಸುತ್ತಿ ಪಾರ್ಸೆಲ್ಲಿಗೆ ಹಾಕಿಬಿಡಿ. ರಾತ್ರಿ ಹಾಕಿದರೆ ಬೆಳಿಗ್ಗೆ ಇಲ್ಲಿರುತ್ತೆ. ಲೈಸೆನ್ಸು ಆಮೇಲೆ ಮಾಡಿಸಿಕೊಂಡರಾಯಿತು” ಎಂದ. ಅಡಿಕೆಯಿಂದ ಹಿಡಿದು ಹಲಸಿನ ಹಣ್ಣಿನವರೆಗೆ ಎಲ್ಲವೂ ಪಾರ್ಸೆಲ್ಲಿನಲ್ಲಿ ಹೋಗುವ ಊರಿನಲ್ಲಿ ಈ ಮಾತು ನನಗೂ ಸಹಜವಾಗಿಯೇ ಕಂಡಿತು. ಗಂಟನ್ನು ಮನೆಯಲ್ಲಿಯೇ ಬಿಟ್ಟು, ಉದ್ದವನ್ನು ದಾರದಲ್ಲಿ ಅಳೆದುಕೊಂಡು, ಪಾರ್ಸೆಲ್ ಕಚೇರಿಯೊಂದಕ್ಕೆ ಹೋದೆ. ಅಲ್ಲಿನ ಗುಮಾಸ್ತ ನಮೂನೆಯನ್ನು ಮುಂದಿಟ್ಟ. ಕಳುಹಿಸುವವರ ಹೆಸರು ಬರೆದೆ. ಪಡೆಯುವವರ ಹೆಸರು ಬರೆದೆ. ಮೂರನೆಯ ಸಾಲು: ಸಾಮಾನಿನ ವಿವರ. ಪೆನ್ನು ನಿಂತಿತು. ವಿಷಯವನ್ನು ಮೆಲ್ಲನೆ ಹೇಳಿದೆ. ಆತ ಅತ್ತಿತ್ತ ನೋಡಿ, ದನಿ ತಗ್ಗಿಸಿ, “ಕೃಷಿ ಉಪಕರಣ ಅಂತ ಬರೀರಿ ಸಾರ್, ಯಾರೂ ಬಿಚ್ಚಿ ನೋಡಲ್ಲ” ಎಂದ.

ಕೃಷಿ ಉಪಕರಣ! ಮೂವತ್ತು ವರ್ಷಕ್ಕೂ ಮಿಕ್ಕಿ ಶಬ್ದಾರ್ಥವನ್ನು ಪಾಠ ಹೇಳಿದವನಿಗೆ ಇದಕ್ಕಿಂತ ಚೆಲುವಾದ ಬಲೆ ಇನ್ನಾವುದಿದ್ದೀತು? ಅದು ಪೂರ್ತಿ ಸುಳ್ಳೂ ಅಲ್ಲ. ಬೆಳೆ ಕಾಯುವ ಕೋವಿ ಎಂದು ಕಾಯಿದೆಯೇ ಹೇಳುತ್ತದಲ್ಲ! ನಿಜ ಹೇಳುತ್ತೇನೆ, ‘ಕೃ’ ಎಂಬ ಅಕ್ಷರವನ್ನು ನಾನು ಬರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ನನಗೆ ವಿರಾಟಪರ್ವದ ಬನ್ನಿ ಮರ ನೆನಪಾಯಿತು.

ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನೆಲ್ಲ ಗಂಟು ಕಟ್ಟಿ ಬನ್ನಿ ಮರದ ಮೇಲಿಟ್ಟರಷ್ಟೆ. ಜೊತೆಗೆ ಒಂದು ಹೆಣವನ್ನೂ ತೂಗಹಾಕಿ, ದನ ಕಾಯುವವರಿಗೆ, ಇದು ನೂರೆಂಬತ್ತು ವರ್ಷ ಬದುಕಿದ ನಮ್ಮ ತಾಯಿಯ ಶವ ಎಂದು ಹೇಳಿದರು. ಆಯುಧದ ಗಂಟಿಗೆ ತಪ್ಪು ಚೀಟಿ ಅಂಟಿಸಿದವರಲ್ಲಿ ಧರ್ಮರಾಯನೇ ಮೊದಲಿಗನೋ ಏನೋ! ಹಾಗಾದರೆ ನನ್ನ ‘ಕೃಷಿ ಉಪಕರಣ’ಕ್ಕೆ ಏನು ದೋಷ? ಆದರೆ ಎರಡಕ್ಕೂ ಒಂದು ಅಂತರವಿದೆ. ಪಾಂಡವರ ಸುಳ್ಳು, ದೂರವಿರಿ, ಮುಟ್ಟಬೇಡಿ ಎಂದು ಹೇಳುವ ಸುಳ್ಳು. ಗುಮಾಸ್ತ ಕಲಿಸಿದ ಸುಳ್ಳು, ಹೆದರಬೇಡಿ, ಎತ್ತಿ ಎಸೆಯಿರಿ ಎಂದು ಹೇಳುವ ಸುಳ್ಳು. ನಾನು ನಮೂನೆಯನ್ನು ಹರಿದು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ. ಬಂದವನೇ ಪೊಲೀಸ್ ಠಾಣೆಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಸಂಜೆಗೆ ಇಬ್ಬರು ಬಂದರು. ಒಬ್ಬರು ಹಿರಿಯ ಹೆಡ್ ಕಾನ್‌ಸ್ಟೇಬಲ್, ಮಾತಿನ ಧಾಟಿಯಲ್ಲೇ ಮಲೆನಾಡಿನವರೆಂದು ತಿಳಿಯುತ್ತಿತ್ತು. “ಈಡು ತೆಗೆದಿದ್ದಾರಾ ಮೇಷ್ಟ್ರೇ?” ಎಂದು ಕೇಳಿದರು. “ಕೇಪು ಇಲ್ಲವಲ್ಲ, ಖಾಲಿಯೇ ಇರಬೇಕು” ಎಂದೆ. ಅವರು ಏನೂ ಹೇಳಲಿಲ್ಲ. ಗಜವನ್ನು ನಳಿಗೆಯೊಳಗೆ ಬಿಟ್ಟು, ಬಾಯಿಯ ಬಳಿ ಹೆಬ್ಬೆರಳಿನಿಂದ ಗುರುತು ಹಿಡಿದು, ಹೊರತೆಗೆದು, ಅದೇ ಗಜವನ್ನು ನಳಿಗೆಯ ಹೊರಮೈಗೆ ಒತ್ತಿ ಇಟ್ಟರು. ಗಜದ ತುದಿ ನಳಿಗೆಯ ಬುಡವನ್ನು ಮುಟ್ಟಲಿಲ್ಲ. ನಡುವೆ ನಾಲ್ಕು ಬೆರಳು ಉಳಿದಿತ್ತು.

ಅಣ್ಣ ಕೊನೆಯ ಮಳೆಗಾಲದಲ್ಲಿ ಹಂದಿಗೆಂದು ತುಂಬಿಟ್ಟ ಈಡು ಅದು. ಹಾಸಿಗೆ ಹಿಡಿದವನು ಹಾರಿಸಲಿಲ್ಲ, ಯಾರಿಗೂ ಹೇಳಲಿಲ್ಲ. ಕೇಪು ಇರಲಿಲ್ಲ, ನಿಜ. ಆದರೆ ನೀರು ತಾಗದ ಕರಿಮದ್ದು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಅದಕ್ಕೆ ಬೇಕಾದದ್ದು ಒಂದು ಕಿಡಿ. ಅವರು ಜೋಪಾನವಾಗಿ ಒಯ್ದು ಈಡು ತೆಗೆಸಿದರೆಂದು ಆಮೇಲೆ ತಿಳಿಯಿತು. ಆ ರಾತ್ರಿ ನನ್ನ ಕಣ್ಣ ಮುಂದೆ ಇದ್ದದ್ದು ಮೊಮ್ಮಗನ ಮುಖ ಒಂದು. ಇನ್ನೊಂದು, ನಾನು ಎಂದೂ ಕಾಣದ ಒಬ್ಬ ಹಮಾಲಿಯ ಮುಖ. ಕೃಷಿ ಉಪಕರಣವೆಂದು ನಂಬಿ, ಗಂಟನ್ನು ಎದೆಗೆ ಆನಿಸಿಕೊಂಡು, ಬೀಡಿ ಕಚ್ಚಿಕೊಂಡೇ ಬಸ್ಸಿನ ಮೇಲಕ್ಕೆ ಏರಿಸುವ ಹಮಾಲಿ. ಸಾಮಾನಿನ ವಿವರ ಎಂಬ ಆ ಮೂರನೆಯ ಸಾಲು ಅಧಿಕಾರಿಗಳಿಗಾಗಿ ಇರುವುದೆಂದು ನಾನು ತಿಳಿದಿದ್ದೆ. ಅಲ್ಲ, ಅದು ಇರುವುದು ಅವನಿಗಾಗಿ.

ಈ ವಿಷಯದಲ್ಲಿ ಕಾಯಿದೆ ಏನೆನ್ನುತ್ತದೆ? ಆಮೇಲೆ ಓದಿ ತಿಳಿದುಕೊಂಡದ್ದನ್ನು ಸ್ಥೂಲವಾಗಿ ಹೇಳುತ್ತೇನೆ. ಪರವಾನಗಿದಾರ ತನ್ನ ಕೋವಿಯನ್ನು ಪರವಾನಗಿಯ ವ್ಯಾಪ್ತಿಯೊಳಗೆ ತಾನೇ ಒಯ್ಯಬಹುದು. ದುರಸ್ತಿಗೋ, ಪರವಾನಗಿಯ ನವೀಕರಣಕ್ಕೋ, ಅವನ ಬಳಕೆಗೋ ಇನ್ನೊಬ್ಬ ಒಯ್ಯಬೇಕಾದರೆ, ಪರವಾನಗಿದಾರ ಜೊತೆಯಲ್ಲಿರಬೇಕು, ಇಲ್ಲವೆ ಅವನ ಬರಹದ ಅನುಮತಿ ಇರಬೇಕು. ನಮ್ಮಣ್ಣನೇ ಇಲ್ಲವಾದ ಮೇಲೆ ಅನುಮತಿ ಬರೆದುಕೊಡುವವರು ಯಾರು? ಅಂಥ ಸಂದರ್ಭಕ್ಕೇ 21ನೆಯ ಕಲಮು ಇದೆ: ಯಾವ ಕಾರಣದಿಂದಲೇ ಆಗಲಿ ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ತಪ್ಪಿದರೆ, ವೃಥಾ ವಿಳಂಬ ಮಾಡದೆ ಹತ್ತಿರದ ಠಾಣೆಗೆ ಅಥವಾ ಪರವಾನಗಿ ಪಡೆದ ಕೋವಿ ವ್ಯಾಪಾರಿಗೆ ಒಪ್ಪಿಸಬೇಕು. ವಾರಸುದಾರ ತನ್ನ ಹೆಸರಿಗೆ ಪರವಾನಗಿ ಪಡೆದ ಮೇಲೆ ಅಲ್ಲಿಂದ ಬಿಡಿಸಿಕೊಳ್ಳಬೇಕು. 2016ರ ಆಯುಧ ನಿಯಮಗಳಲ್ಲಿ ಇನ್ನೂ ಒಂದು ಉಪಕಾರವಿದೆ. ಪರವಾನಗಿದಾರನಿಗೆ 70 ವರ್ಷ ತುಂಬಿದಾಗ, ಅಥವಾ ಅವನು ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದಾಗ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಪರವಾನಗಿ ಮಾಡಿಸಲು ಅವಕಾಶ ಉಂಟು. ನಮ್ಮಣ್ಣನಿಗೆ ಇದು ತಿಳಿದಿದ್ದರೆ, ಕೋವಿಯನ್ನು ಮಗನ ಕೈಗೆ ಕೊಡುವಾಗ “ಈಡು ತುಂಬಿದೆ ಮಗಾ” ಎಂದೂ ಹೇಳುತ್ತಿದ್ದ.

ಇನ್ನು ಸಾಗಣೆ. ವಿಮಾನದಲ್ಲಿ ಹೋಗುವ ಪರವಾನಗಿದಾರ ಕೋವಿಯನ್ನು ಖಾಲಿ ಮಾಡಿ, ಮುಂಚಿತವಾಗಿ ತಿಳಿಸಿ, ಕೈಚೀಲದಲ್ಲಲ್ಲದೆ ಒಪ್ಪಿಸುವ ಸಾಮಾನಿನಲ್ಲಿ ಇಡಬೇಕು. ನಮ್ಮ 1898ರ ಅಂಚೆ ಕಾಯಿದೆ ಸ್ಫೋಟಕಗಳನ್ನೂ ಅಪಾಯದ ವಸ್ತುಗಳನ್ನೂ ಅಂಚೆಯಲ್ಲಿ ಕಳುಹಿಸಕೂಡದೆಂದು ಹೇಳುವಾಗ, ಸರಿಯಾಗಿ ಮುಚ್ಚಿರದ ಹರಿತ ಸಾಧನವನ್ನೂ ಅದೇ ಪಟ್ಟಿಯಲ್ಲಿ ಸೇರಿಸಿತ್ತು. ಒಂದು ಕುಡುಗೋಲಿನ ಅಲಗು ಅಂಚೆಯವನ ಬೆರಳನ್ನು ಕೊಯ್ಯಬಾರದೆಂಬ ಕಾಳಜಿ ಆ ಮಾತಿನಲ್ಲಿದೆ. ಆ ಕಾಯಿದೆಯ ಜಾಗಕ್ಕೆ ಈಗ 2023ರ ಕಾಯಿದೆ ಬಂದಿದೆ. ಆ ಕಾಳಜಿ ಮಾತ್ರ ಹಳೆಯದಾಗುವಂಥದ್ದಲ್ಲ.

ಗಂಟಿನ ಮೇಲಿನ ಒಂದು ಸುಳ್ಳು ಎಷ್ಟು ದೂರ ಹೋಗಬಲ್ಲುದೆಂಬುದನ್ನು ಅಮೆರಿಕ ಕಂಡಿದೆ. 1963ರ ಮಾರ್ಚಿಯಲ್ಲಿ ಚಿಕಾಗೋ ನಗರದ ಒಂದು ಅಂಗಡಿ, ಪತ್ರಿಕೆಯ ಜಾಹೀರಾತನ್ನು ನೋಡಿ ಬರೆದ ಗಿರಾಕಿಯೊಬ್ಬನಿಗೆ ದೂರದರ್ಶಕ ಸಹಿತವಾದ ಬಂದೂಕವೊಂದನ್ನು ಅಂಚೆಯಲ್ಲಿ ಕಳುಹಿಸಿತು. ಅಂಚೆವೆಚ್ಚ ಸೇರಿ ಬೆಲೆ 21 ಡಾಲರ್ 45 ಸೆಂಟ್. ಗಿರಾಕಿಯ ಹೆಸರು ಎ. ಹಿಡೆಲ್, ವಿಳಾಸ ಡಲ್ಲಾಸ್ ನಗರದ ಒಂದು ಅಂಚೆಪೆಟ್ಟಿಗೆ. ಹಿಡೆಲ್ ಎಂಬ ಮನುಷ್ಯನೇ ಇರಲಿಲ್ಲ. ಅದು ಲೀ ಹಾರ್ವೆ ಆಸ್ವಾಲ್ಡ್ ಎಂಬವನು ಇಟ್ಟುಕೊಂಡಿದ್ದ ಸುಳ್ಳು ಹೆಸರು. ಆ ವರ್ಷದ ನವೆಂಬರ್ 22ರಂದು ಅಧ್ಯಕ್ಷ ಕೆನೆಡಿಯವರನ್ನು ಕೊಂದದ್ದು ಆ ಬಂದೂಕವೇ. ಅಂಗಡಿಯವನೂ ಅಂಚೆಯವನೂ ಯಾವ ನಿಯಮವನ್ನೂ ಮುರಿದಿರಲಿಲ್ಲ. ಹೆಸರಿನ ಹಿಂದಿನ ಮನುಷ್ಯನನ್ನು ಕಾಣಬೇಕೆಂಬ ನಿಯಮವೇ ಇರಲಿಲ್ಲ. 1968ರಲ್ಲಿ ಆ ದೇಶ ಕಾಯಿದೆ ಮಾಡಿ, ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಹೋಗುವ ಕೋವಿ ಪರವಾನಗಿಯುಳ್ಳ ವ್ಯಾಪಾರಿಯ ಕೈಗೇ ಹೋಗಿ, ಅಲ್ಲಿಂದ ಗಿರಾಕಿಗೆ ಮುಖಾಮುಖಿಯಾಗಿ ತಲುಪಬೇಕೆಂಬ ವ್ಯವಸ್ಥೆಗೆ ಬಂತು. ಕೋವಿಯ ಧಾರಾಳಕ್ಕೆ ಹೆಸರಾದ ನಾಡಿಗೂ ಕಡೆಗೆ ಎರಡು ಕಡೆಯೂ ಒಂದೊಂದು ನಿಜವಾದ ಮುಖ ಬೇಕಾಯಿತು.

ಕಾಯಿದೆಗಳನ್ನು ಹೀಗೆ ಕೊಂಡಾಡುವಾಗ ಒಂದು ಕಹಿಯನ್ನು ಮರೆಯಬಾರದು. ನಮ್ಮ ಆಯುಧ ಕಾಯಿದೆಗಳು ಹುಟ್ಟಿದ್ದು ಹಮಾಲಿಯ ಮೇಲಿನ ಕರುಣೆಯಿಂದಲ್ಲ, ಪ್ರಜೆಯ ಮೇಲಿನ ಗುಮಾನಿಯಿಂದ. 1857ರಲ್ಲಿ ಸರ್ಕಾರ ಆಯುಧಗಳನ್ನು ಒಪ್ಪಿಸಿರೆಂದಾಗ ಹಲಗಲಿಯ ಬೇಡರು ಒಪ್ಪದೆ ನಿಂತು ಪ್ರಾಣ ತೆತ್ತರು. ಅವರ ಕಥೆ ಲಾವಣಿಯಾಗಿ ನಮ್ಮ ಜನರ ಬಾಯಲ್ಲಿ ಉಳಿಯಿತು. 1878ರ ಕಾಯಿದೆಯ ಆಡಳಿತದಲ್ಲಿ ಬಿಳಿಯನಿಗೆ ವಿನಾಯಿತಿ, ಕರಿಯನಿಗೆ ಪರವಾನಗಿ. ಕೊಡವರಿಗೆ ಮಾತ್ರ 1861ರಲ್ಲಿಯೇ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟಿದ್ದರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಅಲ್ಲಿ ಕೋವಿಗೆ ತೋಕ್‌ಪೂವನ್ನು ಮುಡಿಸಿ ಪೂಜೆ ಮಾಡುತ್ತಾರೆ. ಅಲ್ಲಿ ಕೋವಿ ಮನೆಯವರಲ್ಲಿ ಒಬ್ಬ. ಯಾರ ಮನೆಯದೆಂದು ಊರಿಗೆಲ್ಲ ಗೊತ್ತು. ಕಾಯಿದೆ ಇರಲಿ, ವಿನಾಯಿತಿ ಇರಲಿ, ಕೋವಿಗೆ ಒಡೆಯನೊಬ್ಬನ ಹೆಸರು ಬೇಕು ಎಂಬುದರಲ್ಲಿ ಎರಡೂ ಒಂದೇ.

ನಮ್ಮ ಕೋವಿಯ ಕಥೆ ಮುಗಿಸುತ್ತೇನೆ. ಅಣ್ಣನ ಮಗ ಮೊದಲು ಸಿಡುಕಿದ. ನಾಲ್ಕು ಬೆರಳಿನ ಸುದ್ದಿ ಕೇಳಿ ಮೌನವಾದ. ಅರ್ಜಿ ಹಾಕಿದ, ಅಲೆದ. ತಿಂಗಳುಗಳು ಕಳೆದು ಪರವಾನಗಿ ಕೈಗೆ ಬಂದಾಗ ತಾನೇ ಶಿವಮೊಗ್ಗೆಗೆ ಬಂದು, ಸಹಿ ಹಾಕಿ, ಕೋವಿಯನ್ನು ಬಿಡಿಸಿಕೊಂಡ. ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ನಾನು ಕೇಳುವ ಮೊದಲೇ, ಗಜವನ್ನು ನಳಿಗೆಯೊಳಗೆ ಬಿಟ್ಟು, ಹೊರಗಿಟ್ಟು ಅಳೆದು ತೋರಿಸಿದ. ತುದಿ ಬುಡವನ್ನು ಮುಟ್ಟಿತು. “ಖಾಲಿ, ಚಿಕ್ಕಪ್ಪ” ಎಂದ.

ದೇವಿಯ ಕೈಯಲ್ಲಿರುವ ಆಯುಧಗಳ ಕಥೆ ನಿಮಗೆ ತಿಳಿದದ್ದೇ. ತ್ರಿಶೂಲವನ್ನು ಶಿವ ಕೊಟ್ಟ, ಚಕ್ರವನ್ನು ವಿಷ್ಣು ಕೊಟ್ಟ, ವಜ್ರವನ್ನು ಇಂದ್ರ ಕೊಟ್ಟ. ಒಂದೊಂದು ಆಯುಧಕ್ಕೂ ಕೊಟ್ಟವರ ಹೆಸರುಂಟು. ಯಾವುದೂ ಹೆಸರಿಲ್ಲದ ಗಂಟಾಗಿ ಬಂದದ್ದಲ್ಲ. ದುರ್ಗಿಗುಡಿಯಲ್ಲಿ ಇಷ್ಟು ವರ್ಷ ವಾಸವಾಗಿದ್ದರೂ ಆ ಕಥೆಯಲ್ಲಿ ಹೀಗೊಂದು ಅರ್ಥವಿರಬಹುದೆಂದು ನನಗೆ ಹೊಳೆದಿರಲಿಲ್ಲ. ಅರ್ಧ ಅಕ್ಷರವೂ ಪೂರ್ತಿಯಾಗದ ಆ ನಮೂನೆಯ ಚೂರುಗಳನ್ನು ನಾನು ಪುಸ್ತಕವೊಂದರ ನಡುವೆ ಇಟ್ಟುಕೊಂಡಿದ್ದೇನೆ. ಆಗಾಗ ತೆಗೆದು ನೋಡುತ್ತೇನೆ.