ಸಾಂದ್ರ ಬೇಸಾಯ ಮತ್ತು ಗಾಳಿಯ ಋತುಚಕ್ರ

(ಮುಂಬಯಿಯ ಜೋಗೇಶ್ವರಿಯಲ್ಲಿ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸ)



ಜೋಗೇಶ್ವರಿಯಲ್ಲಿ ಹೊಲಗಳಿಲ್ಲ. ಆದರೂ ಹೊಲಗಳ ಉಸಿರಾಟಕ್ಕೂ ಇಲ್ಲಿನ ಗಾಳಿಗೂ ಸಂಬಂಧವುಂಟು. ಮಳೆಗಾಲದಲ್ಲಿ ಇಲ್ಲಿಗೆ ಗಾಳಿ ಬರುವುದು ಅರಬ್ಬೀ ಸಮುದ್ರದಿಂದ. ಚಳಿಗಾಲದಲ್ಲಿ, ಹಗಲಿನ ಕಡಲಗಾಳಿಯನ್ನು ಬಿಟ್ಟರೆ, ಬಹುಮಟ್ಟಿಗೆ ಒಳನಾಡಿನಿಂದ. ಇದೇ ಕರಾವಳಿಯ ದಕ್ಷಿಣಕ್ಕೆ, ಕಾರವಾರಕ್ಕೆ ಸಮೀಪದಲ್ಲಿರುವ ಗೋವೆಯ ಕಾಬೊ ದ ರಾಮ ಭೂಶಿರದಲ್ಲಿ, 1993ರಲ್ಲಿ ವಿಜ್ಞಾನಿಗಳು ಗಾಳಿಯ ಮಾದರಿಗಳನ್ನು ಸೀಸೆಗಳಲ್ಲಿ ಸಂಗ್ರಹಿಸಿ ಆಸ್ಟ್ರೇಲಿಯದ ಪ್ರಯೋಗಾಲಯಕ್ಕೆ ಕಳುಹಿಸತೊಡಗಿದರು. ಮಳೆಗಾಲದ ಮಾದರಿಗಳಲ್ಲಿ ದಕ್ಷಿಣ ಗೋಳಾರ್ಧದ ಕಡಲಗಾಳಿಯ ಲಕ್ಷಣವೂ ಚಳಿಗಾಲದವುಗಳಲ್ಲಿ ಭಾರತದ ಭೂಭಾಗದ ಗುರುತೂ ಕಂಡುಬಂದವು.

ಸಸ್ಯಗಳು ಬೆಳೆಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರುತ್ತವೆ. ಕೊಳೆಯುವಾಗ ಅದು ಗಾಳಿಗೆ ಮರಳುತ್ತದೆ. ಚಾರ್ಲ್ಸ್ ಡೇವಿಡ್ ಕೀಲಿಂಗ್ ಅವರು 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಆರಂಭಿಸಿದ ಅಳತೆಗಳು ಈ ಏರಿಳಿತವನ್ನು ಸ್ಪಷ್ಟಪಡಿಸಿದವು. ಪ್ರತಿವರ್ಷ ಮೇ ತಿಂಗಳಲ್ಲಿ ಗರಿಷ್ಠ; ಉತ್ತರ ಗೋಳಾರ್ಧದ ಬೇಸಗೆ ಕಳೆದು ಸೆಪ್ಟೆಂಬರ್ ಮುಗಿಯುವ ವೇಳೆಗೆ ಕನಿಷ್ಠ.

ಈ ಏರಿಳಿತದ ಅಂತರ ಕಾಲಕ್ರಮದಲ್ಲಿ ಹಿಗ್ಗಿದೆ. ಉತ್ತರದ ಉನ್ನತ ಅಕ್ಷಾಂಶಗಳಲ್ಲಿ ಐವತ್ತು ವರ್ಷಗಳಲ್ಲಿ ಅದು ಸುಮಾರು ಶೇ. 50ರಷ್ಟು ಹೆಚ್ಚಿತು. ಅರಣ್ಯಗಳ ಬೆಳವಣಿಗೆಯನ್ನೇ ಕಾರಣವೆಂದು ಬಹುಕಾಲ ಹೇಳಲಾಗುತ್ತಿತ್ತು. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಬೇಸಾಯದತ್ತ ಬೆರಳು ತೋರಿದವು. ಹೆಚ್ಚಳದ ನಾಲ್ಕನೆಯ ಒಂದು ಭಾಗದವರೆಗೂ ಬೆಳೆಗಳಿಂದಲೇ ಬಂದಿರಬಹುದೆಂದು ಒಂದು ಅಧ್ಯಯನ ಅಂದಾಜು ಮಾಡಿತು. ಇನ್ನೊಂದರ ಅಂದಾಜು ಅದಕ್ಕಿಂತ ಹೆಚ್ಚು. ಸುಧಾರಿತ ತಳಿ, ನೀರಾವರಿ, ರಾಸಾಯನಿಕ ಗೊಬ್ಬರಗಳ ನೆರವಿನಿಂದ ಅಷ್ಟೇ ನೆಲದಲ್ಲಿ, ಕೆಲವೇ ತಿಂಗಳುಗಳಲ್ಲಿ, ಹಿಂದಿಗಿಂತ ಹಲವು ಪಟ್ಟು ಫಸಲು ಬರತೊಡಗಿತ್ತು.

ಭಾರತದ ಗೋಧಿ ಉತ್ಪಾದನೆ 1960-61ರಲ್ಲಿ ಸುಮಾರು 110 ಲಕ್ಷ ಟನ್. 2023-24ರಲ್ಲಿ 1,130 ಲಕ್ಷ ಟನ್ನಿಗೂ ಅಧಿಕ. ನಮ್ಮ ಗೋಧಿಯದು ಹಿಂಗಾರಿನ ಕಾಲ. ಉತ್ತರದ ದೇಶಗಳ ಹೊಲಗಳು ಹಿಮದಡಿ ಇರುವ ಜನವರಿಯಲ್ಲಿ ಪಂಜಾಬಿನ ಹೊಲಗಳು ಹಸಿರಾಗಿರುತ್ತವೆ. ಜಗತ್ತಿನ ಬಹುಭಾಗ ಉಸಿರು ಬಿಡುವಾಗ ಇವು ಉಸಿರೆಳೆದುಕೊಳ್ಳುತ್ತವೆ ಎನ್ನಬಹುದು.

ಹಾಗೆಂದು ಹೊಲಗಳು ಗಾಳಿಯನ್ನು ಶುದ್ಧಗೊಳಿಸುತ್ತಿವೆ ಎಂದು ತಿಳಿಯುವುದು ತಪ್ಪು. ಮರ ಹೀರಿದ ಇಂಗಾಲ ದಶಕಗಳ ಕಾಲ ಕಾಂಡದಲ್ಲಿ ಉಳಿಯುತ್ತದೆ. ಜನವರಿಯಲ್ಲಿ ಪಂಜಾಬಿನ ಗೋಧಿ ಹೀರಿದ್ದಾದರೋ, ಜೋಗೇಶ್ವರಿಯ ಅಡುಗೆಮನೆಯಲ್ಲಿ ಚಪಾತಿಯಾಗಿ, ಉಂಡವರ ಉಸಿರಿನೊಡನೆ ಇಲ್ಲಿನ ಗಾಳಿಗೇ ಸೇರುತ್ತದೆ. ಭತ್ತದ ಕೂಳೆಗೆ ಬೆಂಕಿ ಇಟ್ಟರಂತೂ ಒಂದು ಹಂಗಾಮಿನ ಗಳಿಕೆ ಕೆಲವೇ ಗಂಟೆಗಳಲ್ಲಿ ಹೊಗೆಯಾಗುತ್ತದೆ.

ಋತುಮಾನದ ಏರಿಳಿತದೊಂದಿಗೆ ವಾರ್ಷಿಕ ಸರಾಸರಿಯೂ ಮೇಲೇರಿದೆ. ಮೌನಾ ಲೋವಾದಲ್ಲಿ 1958ರ ಸುಮಾರಿಗೆ ಹತ್ತು ಲಕ್ಷಕ್ಕೆ 315 ಭಾಗಗಳಿದ್ದ ಪ್ರಮಾಣ 2024ರಲ್ಲಿ 424ನ್ನು ದಾಟಿತು. ಈ ಏರಿಕೆಗೆ ಮುಖ್ಯ ಕಾರಣ ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲಗಳ ದಹನ. ಗೋಧಿಗೆ ಹಾಕುವ ಯೂರಿಯಾ ನಮ್ಮ ದೇಶದಲ್ಲಿ ತಯಾರಾಗುವುದು ಬಹುಪಾಲು ಇದೇ ನೈಸರ್ಗಿಕ ಅನಿಲದಿಂದ. ಆ ಇಂಗಾಲ ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು.